ಕುದುರೆಯ ಮುಂಗಾಲಲ್ಲಿ ಬಾಟ್ ನೊಣದ ಮೊಟ್ಟೆ: ಫೆನ್‌ಬೆಂಡಜೋಲ್ ಸಾಕೇ?

ಅಶ್ವಪಾಲಕ:
ಮುಂಗಾಲಿನ ಒಳಮಗ್ಗುಲಲ್ಲಿ, ಮಂಡಿಯ ಆಸುಪಾಸು, ಕೂದಲಿಗೊಂದರಂತೆ ನಸುಹಳದಿ ಮೊಟ್ಟೆ ಅಂಟಿವೆ. ಬ್ರಷ್ ಹಾಕಿದರೂ ಬರುತ್ತಿಲ್ಲ. ಲದ್ದಿ ಪರೀಕ್ಷೆಯಲ್ಲಿ ಏನೂ ಸಿಕ್ಕಿಲ್ಲ, ಫೆನ್‌ಬೆಂಡಜೋಲ್ ಎಂಬ ಜಂತುನಾಶಕ ಕೊಟ್ಟಾಗಿದೆ. ಅಷ್ಟು ಸಾಕೇ? ಕಾಲ ಮೇಲಿನ ಮೊಟ್ಟೆಯಿಂದ ಹುಳ ಹೊಟ್ಟೆಗೆ ಸೇರುವುದು ಹೇಗೆ?

ಜಂತುಶಾಸ್ತ್ರಿ:
ಸಾಲದು. ಫೆನ್‌ಬೆಂಡಜೋಲ್‌ಗೆ ಬಾಟ್ ನೊಣದ ಮರಿಹುಳ ಜಗ್ಗುವುದಿಲ್ಲ. ಲದ್ದಿ ಪರೀಕ್ಷೆಯನ್ನೂ ನಂಬಬೇಡಿ: ಕುದುರೆಯೊಳಗೆ ಇರುವುದು ಮರಿಹುಳ, ಅದು ಮೊಟ್ಟೆ ಇಡುವುದಿಲ್ಲ. ಹಾಗಾಗಿ ಹೊಟ್ಟೆ ತುಂಬ ಹುಳವಿದ್ದರೂ ವರದಿ ಶುದ್ಧವಾಗಿಯೇ ಬರುತ್ತದೆ.

ನೀವು ಹೇಳಿದ ಜಾಗ, ಬಣ್ಣ ನೋಡಿದರೆ ಇದು ಗ್ಯಾಸ್ಟರೋಫಿಲಸ್ ಇಂಟೆಸ್ಟಿನಾಲಿಸ್ ಎಂಬ ಬಾಟ್ ನೊಣದ ಜಾತಿ. ಇಟ್ಟ ಸುಮಾರು 5 ದಿನಕ್ಕೆ ಮೊಟ್ಟೆ ಬಲಿತಿರುತ್ತದೆ, ಆದರೆ ತಾನಾಗಿ ಒಡೆಯದು. ಕುದುರೆ ಕಾಲು ನೆಕ್ಕಬೇಕು. ನಾಲಿಗೆಯ ಬಿಸಿ, ತೇವ, ಉಜ್ಜುವಿಕೆ ಮೂರೂ ಸೇರಿದಾಗ ಮುಚ್ಚಳ ತೆರೆದು ಮರಿ ಬಾಯಿಗೆ ಅಂಟಿಕೊಳ್ಳುತ್ತದೆ. ಮೂರ್ನಾಲ್ಕು ವಾರ ನಾಲಿಗೆಯ ಪದರದೊಳಗೆ, ದವಡೆ ಹಲ್ಲುಗಳ ಸಂದಿಯಲ್ಲಿ ಇದ್ದು ಆಮೇಲೆ ಹೊಟ್ಟೆಗಿಳಿಯುತ್ತದೆ. ಅಲ್ಲಿ ಜಠರದ ಗ್ರಂಥಿಯಿಲ್ಲದ ಭಾಗಕ್ಕೆ ಬಾಯಿಕೊಕ್ಕೆ ಹಾಕಿ 8ರಿಂದ 10 ತಿಂಗಳು ಜೋತುಬೀಳುತ್ತದೆ. ಕೊಕ್ಕೆ ಬಿದ್ದಲ್ಲಿ ಕುಳಿ, ಹುಣ್ಣು. ಬಲಿತದ್ದು ಲದ್ದಿಯ ಜೊತೆ ಹೊರಬಿದ್ದು ಮಣ್ಣಿನಲ್ಲಿ ಕೋಶ (ಪ್ಯೂಪಾ) ಆಗುತ್ತದೆ. ಅದರಿಂದ ಬರುವ ನೊಣಕ್ಕೆ ತಿನ್ನುವ ಬಾಯಿಯೇ ಇಲ್ಲ. ಕಚ್ಚುವುದಿಲ್ಲ, ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ.

ಔಷಧಿ ಐವರ್‌ಮೆಕ್ಟಿನ್ ಪೇಸ್ಟ್: ಕೆಜಿಗೆ 0.2 ಮಿಲಿಗ್ರಾಂ, ಅಂದರೆ 450 ಕೆಜಿ ಕುದುರೆಗೆ 90 ಮಿಲಿಗ್ರಾಂ. ತೂಕವನ್ನು ಕಣ್ಣಂದಾಜಿಗೆ ಬಿಡಬೇಡಿ, ಎದೆಸುತ್ತಳತೆಯ ಟೇಪ್ ಹಿಡಿಯಿರಿ. ಬಾಯಲ್ಲಿ ಮೇವು ಉಳಿದಿದ್ದರೆ ಪೇಸ್ಟನ್ನೂ ಸೇರಿಸಿ ಉಗುಳಿಬಿಡುತ್ತದೆ.

ಲಾಯದ_ಕೆಲಸ:
ಗದ್ದದ ಅಡಿಯನ್ನೂ ನೋಡಿ. ಅಲ್ಲಿ ಮೊಟ್ಟೆಯಿದ್ದರೆ ಅದು ನೇಸಾಲಿಸ್ ಜಾತಿ. ಅದಕ್ಕೆ ನೆಕ್ಕುವ ಹಂಗಿಲ್ಲ, ತಾನೇ ಒಡೆದು ಮರಿ ಬಾಯಿಯತ್ತ ತೆವಳುತ್ತದೆ. ಕಾಲು ಕಾಯ್ದುಕೊಂಡರೆ ಸಾಕು ಎನ್ನುವವರು ತಪ್ಪುವುದು ಇಲ್ಲೇ.

ಮೊಟ್ಟೆ ತೆಗೆಯಲು ಬಾಟ್ ಚಾಕುವನ್ನು ಕೂದಲಿನ ದಿಕ್ಕಿಗೇ ಎಳೆಯಿರಿ. ಕೆರೆದದ್ದು ಮೇವಿನ ಮೇಲೆ ಬೀಳಬಾರದು. ಬಿಸಿನೀರಿನ ಸ್ಪಂಜಿನಿಂದ ಒರೆಸಿದರೆ ಮೊಟ್ಟೆ ಅಲ್ಲೇ ಒಡೆಯುತ್ತದೆ, ಆದರೆ ಗ್ಲೌಸ್ ಹಾಕಿಕೊಳ್ಳಿ, ಆ ಕೈಯಲ್ಲಿ ಕಣ್ಣು ಉಜ್ಜಬೇಡಿ.

ಅಶ್ವಪಾಲಕ:
ನೊಣ ಇನ್ನೂ ಹಾರಾಡುತ್ತಿದೆ. ಈಗಲೇ ಕೊಡಲೇ?

ಜಂತುಶಾಸ್ತ್ರಿ:
ಈಗ ಕೊಟ್ಟರೆ ಒಳಗಿದ್ದದ್ದು ಸಾಯುತ್ತದೆ, ನಾಳೆ ಹೊಸದು ಸೇರುತ್ತದೆ. ನೊಣ ನಿಂತ ಮೇಲೆ ಉಳಿದ ಮೊಟ್ಟೆ ಕೆರೆದು ಕೊಡಿ. ಆದರೆ ದನಕ್ಕೆ ಈ ಲೆಕ್ಕ ಹಾಕಬೇಡಿ: ದನಕ್ಕೆ ಹತ್ತುವ ಹೈಪೋಡರ್ಮಾ ಬೋವಿಸ್ ಎಂಬ ನೊಣದ ಮರಿ ಬೆನ್ನುಹುರಿಯ ಕೊಳವೆಯಲ್ಲಿರುವಾಗ ಸತ್ತರೆ ಹಿಂಗಾಲು ಬೀಳಬಹುದು. ಅಲ್ಲಿ ನೊಣದ ಕಾಲ ಮುಗಿದ ಕೂಡಲೇ, ಮರಿ ಬೆನ್ನುಹುರಿ ತಲುಪುವ ಮೊದಲೇ ಔಷಧಿ ಬೀಳಬೇಕು.