ಸರ್ಜಿಯೋ ಜಾರ್ಜ್ ಅರೇಂಜ್‌ಮೆಂಟ್ ನಮ್ಮ ಪ್ಯಾಡ್‌ಗೆ ಯಾಕೆ ಕೂರೋದಿಲ್ಲ?

ಹುಬ್ಬಳ್ಳಿ ಕೀಬೋರ್ಡ್:
ಗಣೇಶ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಗಾಯಕ ಮಾರ್ಕ್ ಆಂಥನಿಯ ‘ವಿವಿರ್ ಮಿ ವಿದಾ’ ಹಾಡಿನ ಪಿಯಾನೋ ತಲೆಯಲ್ಲೇ ಕೂತಿದೆ. ಅದರ ಪ್ರೊಡ್ಯೂಸರ್ ಸರ್ಜಿಯೋ ಜಾರ್ಜ್. ಮೂಲ ಹಾಡು ಅಲ್ಜೀರಿಯಾದ ಗಾಯಕ ಖಾಲಿದ್ ಅವರದು ಅಂದಮೇಲೆ ಇವರು ಮಾಡಿದ್ದೇನು? ಅದೇ ಪಿಯಾನೋ ನುಡಿಸಿದರೂ ತಾಳದ ಸದ್ದು ಕೊಡುವ ನಮ್ಮ ರಿದಂ ಪ್ಯಾಡ್ ಜೊತೆ ಜಗಳ ಆಡುತ್ತದೆ.

ಧಾರವಾಡ ತಬಲಾ:
ತಮ್ಮಾ, ಖಾಲಿದ್ ಹಾಡು ಡಾನ್ಸ್ ಪಾಪ್. ಜಾರ್ಜ್ ಅದನ್ನು ಸಾಲ್ಸಾ, ಅಂದರೆ ಲ್ಯಾಟಿನ್ ಕುಣಿತದ ಸಂಗೀತ, ಮಾಡಿದರು. 2013ರಲ್ಲಿ ಲ್ಯಾಟಿನ್ ಗ್ರ್ಯಾಮಿಯ ‘ರೆಕಾರ್ಡ್ ಆಫ್ ದಿ ಇಯರ್’ ಪ್ರಶಸ್ತಿ ಬಂತು. ರಾಗ ಹೆಚ್ಚು ಕಡಿಮೆ ಅದೇ, ಕೆಳಗಿನ ನಡೆ ಬೇರೆ. ಸಾಲ್ಸಾದಲ್ಲಿ ಕ್ಲಾವೆ ಅಂತ ಒಂದು ತಾಳದ ಮಾದರಿ ಇದೆ. ಎರಡು ಬಾರ್‌ಗೆ (ಬಾರ್ ಅಂದರೆ ಇಲ್ಲಿ ನಾಲ್ಕು ಮಾತ್ರೆಯ ಒಂದು ಸುತ್ತು) ಐದು ಪೆಟ್ಟು: ಒಂದರಲ್ಲಿ ಮೂರು, ಇನ್ನೊಂದರಲ್ಲಿ ಎರಡು. ಪಿಯಾನೋ, ಟ್ರೊಂಬೋನ್ ಎಲ್ಲ ಅದಕ್ಕೆ ಹೊಂದಬೇಕು. ಬಾಸ್ ಅಂತೂ ಸಮ್‌ಗೆ, ಅಂದರೆ ಬಾರಿನ ಮೊದಲ ಮಾತ್ರೆಗೆ, ಕಾಯೋದಿಲ್ಲ, ಹಿಂದಿನ ಮಾತ್ರೆಯಲ್ಲೇ ಬಂದುಬಿಡುತ್ತದೆ. ನಿಮ್ಮ ಪ್ಯಾಡ್ ಪ್ರತಿ ಸಮ್‌ಗೂ ಧಡ್ ಅಂತ ಹೊಡೆದರೆ ಜಗಳ ಆಗದೆ ಇರುತ್ತಾ?

ಗದಗ ರಸಿಕ:
ಜಾರ್ಜ್ ಮೂಲತಃ ಪಿಯಾನೋದವರು, ನ್ಯೂಯಾರ್ಕಿನವರು. 1993ರಲ್ಲಿ ಮಾರ್ಕ್ ಆಂಥನಿಯ ಮೊದಲ ಸಾಲ್ಸಾ ಆಲ್ಬಂ ಮಾಡಿದ್ದೂ ಇವರೇ. ಜಪಾನಿನ ಸಾಲ್ಸಾ ತಂಡ ಒರ್ಕೆಸ್ಟಾ ದೆ ಲಾ ಲೂಸ್‌ಗೂ ಕೆಲಸ ಮಾಡಿದ್ದಾರೆ. ಆಮೇಲೆ ಡಿಎಲ್‌ಜಿ ತಂಡದಲ್ಲಿ ಸಾಲ್ಸಾಗೆ ಹಿಪ್‌ಹಾಪ್, ರೆಗೆ ಬೆರೆಸಿದರು. ಪ್ರಶಸ್ತಿಗಿಂತ ನನಗೆ ಈ ಧೈರ್ಯವೇ ಜಾಸ್ತಿ ಇಷ್ಟ.

ಹುಬ್ಬಳ್ಳಿ ಕೀಬೋರ್ಡ್:
ಅಣ್ಣಾ, ಪ್ಯಾಡ್‌ನಲ್ಲಿ ಆ ಧಡ್ ಅನ್ನೋ ಕಿಕ್ ತೆಗೆದು ಬರೀ ಕ್ಲಾವೆ, ಕೋಂಗಾ ಡ್ರಮ್ ಇಟ್ಟರೆ ಸರಿಹೋಗುತ್ತಾ?

ಧಾರವಾಡ ತಬಲಾ:
ಹೋಗುತ್ತದೆ. ಮೊದಲು ಕೈಚಪ್ಪಾಳೆಯಲ್ಲಿ ಕ್ಲಾವೆ ಹಾಕುತ್ತ ಹಾಡಿ ನೋಡು. ಬಾಸ್‌ನವನನ್ನೂ ಜೊತೆಗೆ ಕೂರಿಸಿಕೋ.