ಟರ್ಬೊ ಪ್ಯಾಸ್ಕಲ್ ಪ್ರೋಗ್ರಾಂ ಥಿನ್ ಕ್ಲೈಂಟಲ್ಲಿ ‘ರನ್‌ಟೈಮ್ ಎರರ್ 200’ ಅಂತಿದೆ, ಮಳೆಗಾಲಕ್ಕೆ ಕಮ್ಮಿ ಕರೆಂಟಿನ ಮಷಿನ್ ಬೇಕು

ಹೊಸನಗರ_ತೋಟ:
ನಮಸ್ಕಾರ ಎಲ್ರಿಗೂ. ನಮ್ಮಪ್ಪ 1995ರಲ್ಲಿ ಟರ್ಬೊ ಪ್ಯಾಸ್ಕಲ್ 7 ಅನ್ನೋ ಡಾಸ್ ಕಾಲದ ಪ್ರೋಗ್ರಾಮಿಂಗ್ ಟೂಲಲ್ಲಿ ತಾವೇ ಕೂತು ಬರ್ದ ಅಡಿಕೆ ಲೆಕ್ಕದ ಪ್ರೋಗ್ರಾಂ ಇದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆಗಳಿಗೆಲ್ಲ ಬೇರೆ ಬೇರೆ ಕಾಲಂ, ಕೊನೆ ತೆಗೆಯೋರ ಕೂಲಿ, ಸುಲಿಯೋರ ಲೆಕ್ಕ, ಮಂಡಿಗೆ ಹೋದ ಮೂಟೆ, ಎಲ್ಲ ಅದ್ರಲ್ಲೇ. ಇಷ್ಟು ವರ್ಷ 486 ಪ್ರೊಸೆಸರಿನ ಹಳೇ ಮಷಿನಲ್ಲಿ ಓಡ್ತಿತ್ತು, ಹೋದ ತಿಂಗಳು ಅದ್ರ ಪವರ್ ಸಪ್ಲೈ ಸುಟ್ಟು ಹೋಯ್ತು. ಸೆಕೆಂಡ್ ಹ್ಯಾಂಡ್ ಥಿನ್ ಕ್ಲೈಂಟ್ (ಆಫೀಸಲ್ಲಿ ಸರ್ವರಿಗೆ ಜೋಡಿಸೋ ಪುಟ್ಟ ಪಿಸಿ) ತಂದು ಫ್ರೀಡಾಸ್ (ಡಾಸಿನ ಉಚಿತ ರೂಪ) ಹಾಕ್ದೆ, ಅದೇನೋ ಚೆನ್ನಾಗಿ ಬೂಟ್ ಆಗತ್ತೆ, ಆದ್ರೆ ಪ್ರೋಗ್ರಾಂ ಓಪನ್ ಮಾಡಿದ ತಕ್ಷಣ ‘ರನ್‌ಟೈಮ್ ಎರರ್ 200’ ಅಂತ ಒಂದು ಸಾಲು ಬಂದು ವಾಪಸ್ ಪ್ರಾಂಪ್ಟಿಗೆ ಹೋಗತ್ತೆ. ಸೋರ್ಸ್ (ಅಪ್ಪ ಬರ್ದ ಮೂಲ ಕೋಡ್) ಇದ್ದ ಫ್ಲಾಪಿಗೆ ಬೂಷ್ಟು ಹಿಡಿದಿದೆ, ನೇರ ಓಡೋ ಎಕ್ಸೆ ಫೈಲ್ ಒಂದೇ ಉಳಿದಿರೋದು. ಅಪ್ಪಂಗೆ ಈಗ 74, ಆ ಕೀಗಳೆಲ್ಲ ಅವ್ರ ಬೆರಳಿಗೇ ಗೊತ್ತು, ಎಕ್ಸೆಲ್ ಕಲೀರಿ ಅನ್ನೋಕೆ ನಂಗೆ ಮನಸಿಲ್ಲ. ಇನ್ನೊಂದು, ಜೂನ್ ಬಂತು ಅಂದ್ರೆ ನಮ್ಮಲ್ಲಿ ಲೈನ್ ಮೇಲೆ ಮರ ಬಿದ್ದು ಎರಡೆರಡು ದಿನ ಕರೆಂಟಿರಲ್ಲ, ಬ್ಯಾಟರೀಲಿ ಓಡೋ ಹಾಗಿದ್ರೆ ದೊಡ್ಡ ಉಪಕಾರ.

ಹಳೇಪಿಸಿ_ಸಾಗರ:
ಮಾರಾಯ್ರೇ, ನಿಮ್ಮಪ್ಪನ ಪ್ರೋಗ್ರಾಮಲ್ಲಿ ಎಂತದೂ ತಪ್ಪಿಲ್ಲ, ಮೊದ್ಲು ಅವ್ರಿಗೆ ಅದನ್ನ ಹೇಳಿ. 200 ಅಂದ್ರೆ ಸೊನ್ನೆಯಿಂದ ಭಾಗಿಸಿದ ಎರರ್, ಆದ್ರೆ ಇಲ್ಲಿ ಸೊನ್ನೆ ಎಲ್ಲೂ ಇಲ್ಲ. ಟರ್ಬೊ ಪ್ಯಾಸ್ಕಲಲ್ಲಿ ಸ್ಕ್ರೀನು, ಕೀಬೋರ್ಡು ನೋಡ್ಕೊಳೋಕೆ ಸಿಆರ್‌ಟಿ ಅಂತ ಒಂದು ಯೂನಿಟ್ ಇದೆ. ಪ್ರೋಗ್ರಾಂ ಶುರುವಾಗೋ ಮುಂಚೆ ಅದು ಮಷಿನ್ ಎಷ್ಟು ಫಾಸ್ಟು ಅಂತ ಅಳೀತದೆ, ಟೈಮರಿನ ಒಂದು ಟಿಕ್ಕು ಅಂದ್ರೆ ಸುಮಾರು 55 ಮಿಲಿಸೆಕೆಂಡು, ಅಷ್ಟರಲ್ಲಿ ಒಂದು ಖಾಲಿ ಲೂಪು ಎಷ್ಟು ಸಲ ಸುತ್ತತ್ತೆ ಅಂತ ಎಣಿಸಿ 55ರಿಂದ ಭಾಗಿಸ್ತದೆ. ಉತ್ತರ ಇಡೋಕೆ ಇರೋ ಜಾಗ 16 ಬಿಟ್ ಅಷ್ಟೇ, ಅಂದ್ರೆ 65535 ದಾಟಿದ್ರೆ ಹಿಡಿಯಲ್ಲ. 486ರಲ್ಲಿ ಆ ಅಂಕಿ ಆರಾಮಾಗಿ ಒಳಗೇ ಇತ್ತು, 200 ಮೆಗಾಹರ್ಟ್ಸ್ ಆಸುಪಾಸಿನ ಪೆಂಟಿಯಂಗಳು ಬಂದ ಮೇಲೆ ತುಂಬಿ ಚೆಲ್ಲೋಕೆ ಶುರುವಾಯ್ತು. ಭಾಗಾಕಾರದ ಉತ್ತರ ಜಾಗದಲ್ಲಿ ಹಿಡೀದೇ ಹೋದ್ರೂ ಪ್ರೊಸೆಸರ್ ಎಬ್ಬಿಸೋದು ಸೊನ್ನೆ ಭಾಗಾಕಾರದ ಎರರನ್ನೇ, ಅದಕ್ಕೇ ಆ ನಂಬರು.

ಸೋರ್ಸ್ ಇಲ್ದಿದ್ರೂ ಪರವಾಗಿಲ್ಲ, ಎಕ್ಸೆಯಲ್ಲೇ ಆ ಜಾಗ ತಿದ್ದೋ ಚಿಕ್ಕ ಪ್ಯಾಚ್ ಪ್ರೋಗ್ರಾಂಗಳು ಇದಾವೆ. ಫಸ್ಟು ಕಾಪಿ ಇಟ್ಕೊಳ್ಳಿ. ಆಗೆಲ್ಲ ಫ್ಲಾಪೀಲಿ ಜಾಗ ಉಳಿಸೋಕೆ ಎಕ್ಸೆನ ಪಿಕೆಲೈಟ್ ಅಥವಾ ಎಲ್‌ಝೆಡ್‌ಎಕ್ಸೆಯಲ್ಲಿ ಒತ್ತಿ (ಕಂಪ್ರೆಸ್ ಮಾಡಿ) ಇಡ್ತಿದ್ರು, ಹಾಗೆ ಮಾಡಿದ್ರೆ ಪ್ಯಾಚಿಗೆ ಆ ಜಾಗ ಸಿಗಲ್ಲ, ಮೊದ್ಲು ಬಿಡಿಸ್ಬೇಕು.

ತುಂಗಾತೀರ:
ಪ್ಯಾಚ್ ಸರಿ ಅಣ್ಣ, ಆದ್ರೆ ಬ್ಯಾಟರಿ ಪ್ರಶ್ನೆ ಹಾಗೇ ಉಳೀತಲ್ಲ. ಡಾಸ್ ಪ್ರೋಗ್ರಾಂ ಕೀ ಒತ್ತೋವರೆಗೂ ಸುಮ್ನೆ ಕೂರಲ್ಲ, ‘ಒತ್ತಿದ್ರಾ, ಒತ್ತಿದ್ರಾ’ ಅಂತ ಕೇಳ್ತಾನೇ ಸುತ್ತತ್ತೆ, ಅಪ್ಪ ಎಲೆ ಅಡಿಕೆ ಹಾಕ್ಕೊಂಡು ಯೋಚಿಸ್ತಾ ಕೂತಿದ್ರೂ ಪ್ರೊಸೆಸರ್ ನೂರಕ್ಕೆ ನೂರು ದುಡೀತಿರತ್ತೆ. ಥಿನ್ ಕ್ಲೈಂಟೇ ಇಟ್ಕೊಳೋದಾದ್ರೆ ಫ್ರೀಡಾಸಲ್ಲಿ ಎಫ್‌ಡಿಎಪಿಎಂ ಇದೆ, ಅದನ್ನ ಎಪಿಎಂಡಾಸ್ ಅಂತ ಕೊಟ್ಟು ಓಡಿಸಿ, ಬಿಡುವಿದ್ದಾಗ ಪ್ರೊಸೆಸರನ್ನ ಮಲಗಿಸ್ತದೆ.

ನಾನಾದ್ರೆ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಅನ್ನೋ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್ ಹಾಕ್ತೀನಿ. ಡಾಸ್‌ಬಾಕ್ಸಲ್ಲಿ (ಹಳೇ ಡಾಸ್ ಮಷಿನನ್ನ ಅನುಕರಿಸೋ ಪ್ರೋಗ್ರಾಂ) ಸೈಕಲ್ಸನ್ನ, ಅಂದ್ರೆ ಮಿಲಿಸೆಕೆಂಡಿಗೆ ಎಷ್ಟು ಹೆಜ್ಜೆ ಅನ್ನೋದನ್ನ, ಮ್ಯಾಕ್ಸ್ ಅಂತ ಬಿಡದೆ 8000ಕ್ಕೆ ಫಿಕ್ಸ್ ಮಾಡಿ, ಎರರ್ ಬರಲ್ಲ, ಪ್ಯಾಚೂ ಬೇಡ, ಪ್ರತಿ ಮಿಲಿಸೆಕೆಂಡಿನ ಪಾಲು ಮುಗಿಸಿ ಉಳಿದ ಹೊತ್ತು ಬೋರ್ಡು ಸುಮ್ನಿರತ್ತೆ. ನಮ್ಮನೇಲಿ 5 ಇಂಚಿನ ಸ್ಕ್ರೀನ್ ಸೇರ್ಸಿ ಅಳೆದಾಗ 5 ವೋಲ್ಟಿಗೆ 0.6 ಆಂಪು, ಅಂದ್ರೆ 3 ವ್ಯಾಟ್. ಯುಪಿಎಸ್ಸಿನ 12 ವೋಲ್ಟ್ 7 ಎಎಚ್ (ಆಂಪ್-ಅವರ್) ಬ್ಯಾಟರೀಲಿ ಅರ್ಧ, ಅಂದ್ರೆ 42 ವ್ಯಾಟ್-ಅವರ್ ಮಾತ್ರ ಬಳಸಿದ್ರೂ ಹತ್ತಿರತ್ತಿರ 14 ಗಂಟೆ.

ನನ್ನ ಆಸೆ ಇನ್ನೂ ಸ್ವಲ್ಪ ಮುಂದಿದೆ. 1994ರಲ್ಲೇ ಎಚ್‌ಪಿ 200ಎಲ್‌ಎಕ್ಸ್ ಅಂತ ಅಂಗೈ ಮಷಿನ್ ಬಂದಿತ್ತು, ಎರಡೇ ಎರಡು ಪೆನ್ಸಿಲ್ ಸೆಲ್ಲಲ್ಲಿ ಪೂರ್ತಿ ಡಾಸ್ ಓಡಿಸ್ತಿತ್ತು. ಈಗ ಇಎಸ್‌ಪಿ32 ಅನ್ನೋ ಪುಟ್ಟ ಚಿಪ್ಪಲ್ಲೇ 8086 (ಮೊದಮೊದಲ ಡಾಸ್ ಪಿಸಿಗಳ ಕಾಲದ ಪ್ರೊಸೆಸರ್) ಎಮ್ಯುಲೇಟ್ ಮಾಡ್ತಾರೆ, ಅಂದ್ರೆ ಅನುಕರಿಸ್ತಾರೆ. ಅದಕ್ಕೊಂದು 400×240ರ ಮೆಮೊರಿ ಎಲ್‌ಸಿಡಿ ಜೋಡಿಸಿದ್ರೆ ಹೆಂಗೆ? ಸಾಲಿಗೆ 80 ಅಕ್ಷರ ಅಂದ್ರೆ ಅಕ್ಷರಕ್ಕೆ 5 ಪಿಕ್ಸೆಲ್ ಅಗಲ, 25 ಸಾಲು ಅಂದ್ರೆ 9 ಪಿಕ್ಸೆಲ್ ಎತ್ತರ, ಕಷ್ಟಪಟ್ಟು ಓದಬಹುದು. ಚಿತ್ರ ಬದಲಾಗದೆ ನಿಂತಿದ್ರೆ ಆ ಸ್ಕ್ರೀನು ಕರೆಂಟು ಕುಡಿಯೋದೇ ಇಲ್ಲ ಅನ್ನೋ ಅಷ್ಟು ಕಮ್ಮಿ, ಲೆಕ್ಕದ ಪ್ರೋಗ್ರಾಮಿಗೆ ಹೇಳಿ ಮಾಡಿಸಿದ್ದು.

ಹಳೇಪಿಸಿ_ಸಾಗರ:
ಐಡಿಯಾ ಬಹಳ ಒಳ್ಳೇದು, ಆದ್ರೆ 74ರ ಕಣ್ಣಿಗೆ 5 ಪಿಕ್ಸೆಲ್ ಅಕ್ಷರ ಬೇಡ ಮಾರಾಯ್ರೇ. ಇನ್ನೊಂದು ನೋಡ್ಕೊಳ್ಳಿ, ಟರ್ಬೊ ಪ್ಯಾಸ್ಕಲ್ 7ರಲ್ಲಿ 286 (8086ರ ನಂತರದ ಪ್ರೊಸೆಸರ್) ಕೋಡ್ ಆನ್ ಮಾಡೋ ಆಪ್ಷನ್ ಇತ್ತು, ಅವ್ರೇನಾದ್ರೂ ಅದನ್ನ ಹಾಕಿ ಕಂಪೈಲ್ ಮಾಡಿದ್ರೆ ಬರೀ 8086 ಎಮ್ಯುಲೇಟರಲ್ಲಿ ನಿಂತು ಹೋಗತ್ತೆ.

ಹೊಸನಗರ_ತೋಟ:
ಇಬ್ರಿಗೂ ತುಂಬಾ ಥ್ಯಾಂಕ್ಸ್. ಎಕ್ಸೆ ಪಿಕೆಲೈಟಲ್ಲೇ ಒತ್ತಿದ್ದು, ಬಿಡಿಸಿ ಪ್ಯಾಚ್ ಹಾಕಿದ ಮೇಲೆ ಥಿನ್ ಕ್ಲೈಂಟಲ್ಲಿ ಓಪನ್ ಆಯ್ತು. ಪೈ ಕೂಡ ತರ್ಸಿ 8000 ಸೈಕಲ್ಸ್ ಇಟ್ಟೆ, ಸ್ಕ್ರೀನ್ ಮಾತ್ರ 10 ಇಂಚಿಂದು ಹಾಕ್ದೆ. ನಿನ್ನೆ ಸಂಜೆ ಗಾಳಿಮಳೆಗೆ ಕರೆಂಟ್ ಹೋಯ್ತು, ಆ ಕತ್ತಲೇಲಿ ನೀಲಿ ಮೆನು ಹಾಗೇ ಬೆಳಗ್ತಾ ಇತ್ತು, ಅಪ್ಪ ಕನ್ನಡಕ ಹಾಕ್ಕೊಂಡು ಬಂದು ಕೂತು ಯಾರನ್ನೂ ಕೇಳದೆ ಎಫ್2 ಒತ್ತಿ ಬೆಟ್ಟೆ ಕಾಲಂಗೆ ಹೋದ್ರು. ಒಂದೂವರೆ ತಿಂಗಳ ಬಾಕಿ ಎಂಟ್ರಿ ಪೂರ್ತಿ ಮುಗಿಸೇ ಎದ್ದಿದ್ದು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮಾತ್ರ ಪೈಗೆ ಇನ್ನೂ ಕನೆಕ್ಟ್ ಆಗಿಲ್ಲ, ಅದಕ್ಕೆ ಬೇರೆ ಥ್ರೆಡ್ ಹಾಕ್ತೀನಿ.