ಜಿಗಿಯುವ ಜೇಡ, ಇರುವೆಗಳ ಫೋಟೋಗೆ ಯಾವ ಮ್ಯಾಕ್ರೋ ಲೆನ್ಸ್? 40, 60, 85, 105ರ ನಡುವೆ ಗೊಂದಲ

ಎಲೆಮರೆ:

ಎಲ್ಲರಿಗೂ ನಮಸ್ಕಾರ.

ನನ್ನ ಹತ್ತಿರ ನಿಕಾನ್ ಡಿ5600 ಇದೆ. ಜೊತೆಗೆ 18-55 ಮತ್ತು 70-300, ಎರಡೂ ಎಎಫ್-ಪಿ ಲೆನ್ಸ್ (ಒಳಗಿನ ಮೋಟಾರಿನಿಂದ ಫೋಕಸ್ ಆಗುವವು). ಕುಂಡದ ಗಿಡಗಳ ಮೇಲೆ ಓಡಾಡುವ ಚಿಕ್ಕ ಜೇಡಗಳು, ಇರುವೆಗಳು, ಎಲೆಯ ಕೆಳಗೆ ಅಂಟಿರುವ ಮೊಟ್ಟೆಗಳು, ಇವೇ ನನಗೆ ತುಂಬಾ ಇಷ್ಟ. ಅದರಲ್ಲೂ ಜಿಗಿಯುವ ಜೇಡ. ಹತ್ತಿರ ಹೋದರೆ ತಟ್ಟನೆ ತಿರುಗಿ ನಮ್ಮನ್ನೇ ನೋಡುತ್ತದೆ, ಅಲ್ವಾ? ಆ ಮುಂದಿನ ಎರಡು ದೊಡ್ಡ ಕಣ್ಣುಗಳು ಫೋಟೋದಲ್ಲಿ ಚೂಪಾಗಿ ಬರಬೇಕು. 18-55ರಲ್ಲಿ ಎಷ್ಟು ಹತ್ತಿರ ಹೋದರೂ ಜೇಡ ಒಂದು ಚುಕ್ಕೆಯಷ್ಟೇ ಕಾಣುತ್ತದೆ.

ಚಿಕ್ಕ ವಸ್ತುವನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸ್ ಹುಡುಕಲು ಕೂತರೆ ನಿಕಾನ್‌ನಲ್ಲೇ ಫೋಕಲ್ ಉದ್ದ 40 ಎಂಎಂ, 60 ಎಂಎಂ, 85 ಎಂಎಂ, 105 ಎಂಎಂ ಇವೆ. ಟ್ಯಾಮ್ರಾನ್ 90 ಕೂಡ ಇದೆ. ಎಲ್ಲದರ ಮೇಲೂ 1:1 ಅಂತಲೇ ಬರೆದಿದೆ. ಎಲ್ಲವೂ 1:1 ಆದರೆ 105ರಲ್ಲಿ ಜೇಡ ಇನ್ನೂ ದೊಡ್ಡದಾಗಿ ಕಾಣುತ್ತದೆಯೇ? 85 ಎಂಎಂ ಎಫ್/3.5 ಅಂತೆ, ಉಳಿದವು ಎಫ್/2.8 (ಸಂಖ್ಯೆ ಕಡಿಮೆ ಇದ್ದಷ್ಟೂ ಬೆಳಕು ಬಿಡುವ ಕಿಂಡಿ ದೊಡ್ಡದು). ಇದು ಕೊರತೆಯಾ? ಲೆನ್ಸ್ ಬೇಡ, ಕ್ಯಾಮೆರಾಗೂ ಲೆನ್ಸಿಗೂ ನಡುವೆ ಹಾಕುವ ಎಕ್ಸ್‌ಟೆನ್ಷನ್ ಟ್ಯೂಬ್ ಸಾಕು ಅಂತಲೂ ಕೆಲವರು ಹೇಳುತ್ತಾರೆ.

ಟ್ರೈಪಾಡ್ ಹಿಡಿದು ಓಡಾಡುವುದು ನನಗೆ ಆಗುವುದಿಲ್ಲ. ಕೈಯಲ್ಲೇ ಹಿಡಿದು ತೆಗೆಯುತ್ತೇನೆ. ಒಂದೇ ಲೆನ್ಸ್ ಕೊಂಡು ವರ್ಷಗಟ್ಟಲೆ ಅದನ್ನೇ ಬಳಸಬೇಕು ಅಂತಿದ್ದೇನೆ. ದಯವಿಟ್ಟು ತಿಳಿದವರು ಹೇಳಿ.

ಹೂಬಿಸಿಲು:

ನಾನು 60 ಎಂಎಂ ಬಳಸುತ್ತೇನೆ, ಬಹಳ ಖುಷಿಯಾಗಿದ್ದೇನೆ. ಹೂವು, ಎಲೆ, ಬೀಜ, ನಾಣ್ಯ, ಸ್ಟಾಂಪು ಎಲ್ಲಕ್ಕೂ ಸೊಗಸಾಗಿದೆ. ಮುಖದ ಫೋಟೋಗೂ ಒಳ್ಳೆಯದು. ಮೇಜಿನ ಮೇಲೆ ವಸ್ತು ಇಟ್ಟು ಮೇಲಿನಿಂದ ತೆಗೆಯುವಾಗ ಉದ್ದ ಲೆನ್ಸ್ ಆದರೆ ಕ್ಯಾಮೆರಾ ತುಂಬಾ ಎತ್ತರಕ್ಕೆ ಹೋಗುತ್ತದೆ. 60 ಆದರೆ ಆ ತೊಂದರೆ ಇಲ್ಲ.

ಕೀಟಗಳನ್ನು ನಾನು ಅಷ್ಟಾಗಿ ತೆಗೆಯುವುದಿಲ್ಲ. ಅದರ ಬಗ್ಗೆ ಬೇರೆಯವರು ಹೇಳಲಿ.

ಜೇಡರಬಲೆ:

ಎಲೆಮರೆಯವರೇ, ನಿಮಗೆ ಬೇಕಾಗಿರುವುದು ಜೀವ ಇರುವ, ಕಣ್ಣಿರುವ, ನಿಮ್ಮನ್ನು ಗಮನಿಸುವ ಪ್ರಾಣಿ. ಹಾಗಾಗಿ ನೀವು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಪೂರ್ತಿ 1:1ಕ್ಕೆ ಹೋದಾಗ ಲೆನ್ಸಿನ ಮೂತಿಗೂ ಜೇಡಕ್ಕೂ ನಡುವೆ ಎಷ್ಟು ಜಾಗ ಉಳಿಯುತ್ತದೆ?

ಮೊದಲು 1:1 ವಿಷಯ ಮುಗಿಸೋಣ. ಜೇಡ 6 ಮಿಲಿಮೀಟರ್ ಇದ್ದರೆ ಸೆನ್ಸಾರ್ (ಕ್ಯಾಮೆರಾ ಒಳಗೆ ಬಿಂಬ ಬೀಳುವ ಚಿಪ್) ಮೇಲೆ ಅದರ ಬಿಂಬವೂ 6 ಮಿಲಿಮೀಟರ್. ನಿಮ್ಮ ಕ್ಯಾಮೆರಾದ ಸೆನ್ಸಾರ್ ಅಗಲ 23.5 ಮಿಲಿಮೀಟರ್. ಅಂದರೆ ಜೇಡ ಫೋಟೋದ ಅಗಲದಲ್ಲಿ ಕಾಲು ಭಾಗ ತುಂಬುತ್ತದೆ. 40ರಲ್ಲೂ ಅಷ್ಟೇ, 105ರಲ್ಲೂ ಅಷ್ಟೇ, ಒಂದು ಚೂರೂ ಹೆಚ್ಚು ಕಡಿಮೆ ಇಲ್ಲ. ನಿಮ್ಮ 18-55 ಕೊಡುವುದು ಹೆಚ್ಚೆಂದರೆ 0.38 ಪಟ್ಟು. ಅದೇ ಜೇಡ ಅಲ್ಲಿ ಅಗಲದ ಹತ್ತನೇ ಒಂದು ಭಾಗಕ್ಕೂ ಬರುವುದಿಲ್ಲ. ಚುಕ್ಕೆಯಂತೆ ಕಾಣುವುದು ಅದಕ್ಕೇ.

ಈಗ ಜಾಗದ ವಿಷಯ. ಲೆನ್ಸಿನ ವಿವರದಲ್ಲಿ ಕನಿಷ್ಠ ಫೋಕಸ್ ದೂರ ಅಂತ ಕೊಟ್ಟಿರುತ್ತಾರೆ. ಅದನ್ನು ಅಳೆಯುವುದು ಸೆನ್ಸಾರ್‌ನಿಂದ, ಲೆನ್ಸಿನ ಮುಂಭಾಗದಿಂದಲ್ಲ. ಕ್ಯಾಮೆರಾದ ಮೇಲ್ಭಾಗದಲ್ಲಿ ಒಂದು ಸೊನ್ನೆ, ಅದನ್ನು ಸೀಳುವ ಗೆರೆ ಇರುತ್ತದಲ್ಲ, ಸೆನ್ಸಾರ್ ಇರುವ ಜಾಗ ಅದು. ಹಾಗಾಗಿ ಆ ದೂರದಿಂದ ಲೆನ್ಸಿನ ಉದ್ದವನ್ನೂ, ಲೆನ್ಸ್ ಕೂರುವ ನಿಕಾನ್ ಎಫ್ ಮೌಂಟ್‌ನಿಂದ ಸೆನ್ಸಾರ್‌ವರೆಗಿನ 46.5 ಮಿಲಿಮೀಟರನ್ನೂ ಕಳೆಯಿರಿ. ಉಳಿದದ್ದೇ ನಿಮಗೂ ಜೇಡಕ್ಕೂ ನಡುವಿನ ಜಾಗ.

60ರ ಕನಿಷ್ಠ ದೂರ 18.5 ಸೆಂಟಿಮೀಟರ್. ಕಳೆದರೆ ಉಳಿಯುವುದು 5 ಸೆಂಟಿಮೀಟರ್ ಅಷ್ಟೇ. 40ರಲ್ಲಿ ಕನಿಷ್ಠ ದೂರವೇ 16.3, ಮೇಲಾಗಿ ಆ ಲೆನ್ಸ್ ಹತ್ತಿರಕ್ಕೆ ಫೋಕಸ್ ಮಾಡಿದಂತೆ ಮುಂದಕ್ಕೆ ಚಾಚುತ್ತದೆ. 5 ಕೂಡ ಸಿಗುವುದಿಲ್ಲ. 85ರಲ್ಲಿ 28.6, ಕಳೆದರೆ ಸುಮಾರು 14. 105ರಲ್ಲಿ 31.4, ಕಳೆದರೆ 15ರ ಹತ್ತಿರ. ಟ್ಯಾಮ್ರಾನ್ 90 ಕೂಡ 13-14ರ ಆಸುಪಾಸು.

5 ಸೆಂಟಿಮೀಟರ್‌ನಲ್ಲಿ ಏನಾಗುತ್ತದೆ? ಲೆನ್ಸಿನ ನೆರಳು ನೇರ ಜೇಡದ ಮೇಲೆ ಬೀಳುತ್ತದೆ. ಪಕ್ಕದ ಎಲೆಗೆ ಲೆನ್ಸ್ ತಾಗುತ್ತದೆ, ಎಲೆ ಅಲುಗುತ್ತದೆ, ಜೇಡ ಹಾರಿ ಕೆಳಗಿನ ಎಲೆಗೆ ಹೋಗುತ್ತದೆ. ಅದಕ್ಕಿಂತ ಮುಖ್ಯ, ಬೆಳಕು ಒಳಗೆ ಬರಲು ದಾರಿಯೇ ಇರುವುದಿಲ್ಲ. 14 ಸೆಂಟಿಮೀಟರ್ ಇದ್ದರೆ ಫ್ಲ್ಯಾಶ್ ಬೆಳಕು ಮೇಲಿನಿಂದ ಆರಾಮಾಗಿ ಇಳಿಯುತ್ತದೆ. ನಿಮ್ಮ ಆಯ್ಕೆ ಅಲ್ಲಿಗೆ 85, 90, 105ಕ್ಕೆ ಇಳಿಯಿತು. ಹಿನ್ನೆಲೆಗೂ ಇವೇ ಒಳ್ಳೆಯದು. ಉದ್ದ ಲೆನ್ಸ್ ಹಿಂದಿನ ಕಡಿಮೆ ಜಾಗವನ್ನು ನೋಡುತ್ತದೆ. ಒಂದು ಇಂಚು ಸರಿದರೆ ಒಣ ಕಡ್ಡಿ ಮಾಯವಾಗಿ ಬರೀ ಹಸಿರು ಉಳಿಯುತ್ತದೆ.

ಎಫ್/3.5ಕ್ಕೆ ಹೆದರಬೇಡಿ. 1:1ರಲ್ಲಿ ಎಫ್/2.8 ತೆರೆದು ಜೇಡದ ಫೋಟೋ ಯಾರೂ ತೆಗೆಯುವುದಿಲ್ಲ. ಒಂದು ಕಣ್ಣು ಫೋಕಸ್‌ನಲ್ಲಿದ್ದರೆ ಪಕ್ಕದ ಕಣ್ಣು ಮಸುಕಾಗುತ್ತದೆ. ಇನ್ನೊಂದು ವಿಷಯ, ಹತ್ತಿರ ಹೋದಂತೆ ಯಾವ ಲೆನ್ಸ್ ಆದರೂ ಬೆಳಕು ಕಳೆದುಕೊಳ್ಳುತ್ತದೆ. ನಿಕಾನ್ ಕ್ಯಾಮೆರಾಗಳು ಅದನ್ನು ಲೆಕ್ಕ ಹಾಕಿ ತೋರಿಸುತ್ತವೆ. 105 ಹಾಕಿ ಪೂರ್ತಿ ಹತ್ತಿರ ಹೋದರೆ 2.8 ಇದ್ದದ್ದು 5ರ ಹತ್ತಿರಕ್ಕೆ ಏರಿರುತ್ತದೆ. ಲೆನ್ಸ್ ಕೆಟ್ಟಿದೆ ಅಂದುಕೊಳ್ಳಬೇಡಿ. ನೀವು ಬಳಸುವುದು ಕ್ಯಾಮೆರಾ ತೋರಿಸುವ 11ರಿಂದ 16. 16ರಲ್ಲಿ ನಿಮ್ಮ ಸೆನ್ಸಾರ್‌ಗೆ ಸಿಗುವ ಫೋಕಸ್ ಆಳ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅದಕ್ಕಿಂತ ಮುಚ್ಚಿದರೆ ಡಿಫ್ರಾಕ್ಷನ್‌ನಿಂದ (ಚಿಕ್ಕ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಇಡೀ ಫೋಟೋ ಮೆತ್ತಗಾಗುತ್ತದೆ, ಜೇಡದ ಮೈಮೇಲಿನ ಕೂದಲು ಕಲಸಿಹೋಗುತ್ತದೆ. 22, 32 ಬೇಡವೇ ಬೇಡ.

ಹಾಗಾದರೆ 85 ಅಥವಾ 105? ಮುಂದೆ ಫುಲ್ ಫ್ರೇಮ್‌ಗೆ, ಅಂದರೆ ಇನ್ನೂ ದೊಡ್ಡ ಸೆನ್ಸಾರಿನ ಕ್ಯಾಮೆರಾಗೆ, ಹೋಗುವ ಯೋಚನೆ ಇದ್ದರೆ 105. 85 ಡಿಎಕ್ಸ್ ಲೆನ್ಸ್ (ನಿಮ್ಮ ಕ್ಯಾಮೆರಾದಂಥ ಚಿಕ್ಕ ಸೆನ್ಸಾರಿಗೆ ಮಾಡಿದ್ದು), ಫುಲ್ ಫ್ರೇಮ್ ಸೆನ್ಸಾರನ್ನು ತುಂಬುವುದಿಲ್ಲ. ಹೋಗುವುದಿಲ್ಲ ಅಂದರೆ ನನ್ನ ಮತ 85ಕ್ಕೆ. ತೂಕ 355 ಗ್ರಾಂ, 105 ಅದರ ಸುಮಾರು ಎರಡರಷ್ಟು. ಡಿ5600 ಹಗುರವಾದ ಕ್ಯಾಮೆರಾ. ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದು ಕೈಯಲ್ಲಿ ಗಿಡದ ಕಡ್ಡಿ ಹಿಡಿದು, ಮೇಲೆ ಫ್ಲ್ಯಾಶ್ ಹೊತ್ತು ಬಗ್ಗಿ ನಿಲ್ಲುವ ಕೆಲಸದಲ್ಲಿ ಆ ತೂಕ ಚಿತ್ರದ ಮೇಲೆ ಕಾಣುತ್ತದೆ. ಕೈ ಸೋತರೆ ಮೊದಲು ಹೋಗುವುದು ಫೋಕಸ್.

ಕಡ್ಡಿಕಾಲು:

ಜೇಡರಬಲೆಯವರು ಹೇಳಿದ್ದೆಲ್ಲ ಸರಿ. ಆದರೆ ನಿಮ್ಮ ಹತ್ತಿರ ಆಗಲೇ 70-300 ಇದೆ. ಅದನ್ನು ಮರೆಯಬೇಡಿ!

ರೇನಾಕ್ಸ್ ಡಿಸಿಆರ್-250 ಅಂತ ಒಂದು ಚಿಕ್ಕ ಕ್ಲೋಸ್-ಅಪ್ ಲೆನ್ಸ್ ಸಿಗುತ್ತದೆ. ಎರಡು ಬದಿ ಅದುಮಿ ಲೆನ್ಸಿನ ಮುಂದೆ ಸಿಕ್ಕಿಸುವುದು. 52ರಿಂದ 67 ಎಂಎಂ ಫಿಲ್ಟರ್ ಅಳತೆಯ ಲೆನ್ಸ್‌ಗಳಿಗೆ ಕೂರುತ್ತದೆ, ನಿಮ್ಮದು 58. ಇದರ ಪವರ್ 8 ಡಯಾಪ್ಟರ್, ಅಂದರೆ ಫೋಕಲ್ ಉದ್ದ 125 ಎಂಎಂ. ಲೆನ್ಸಿನ ಫೋಕಸ್ ಅನಂತಕ್ಕೆ ಇಟ್ಟರೆ ಲೆಕ್ಕ ಬಹಳ ಸುಲಭ. ಝೂಮ್ ಅನ್ನು 125ರಿಂದ ಭಾಗಿಸಿ. 125ರಲ್ಲಿ 1 ಪಟ್ಟು, 200ರಲ್ಲಿ 1.6, 300ರಲ್ಲಿ 2.4. ಝೂಮ್ ಎಷ್ಟೇ ಇದ್ದರೂ ಜೇಡಕ್ಕೂ ನಿಮಗೂ ನಡುವೆ ಸುಮಾರು 12 ಸೆಂಟಿಮೀಟರ್ ಜಾಗ. ಆಟೋಫೋಕಸ್, ವಿಆರ್ (ಕೈ ನಡುಕ ತಡೆಯುವ ವ್ಯವಸ್ಥೆ) ಎಲ್ಲವೂ ಹಾಗೇ ಕೆಲಸ ಮಾಡುತ್ತವೆ. ಮೂಲೆಗಳು ಸ್ವಲ್ಪ ಮಸುಕು. ನಡುವಿನ ಜೇಡಕ್ಕೆ ಅದು ಲೆಕ್ಕಕ್ಕಿಲ್ಲ.

ಟ್ಯೂಬ್ ತೆಗೆದುಕೊಳ್ಳುವುದಾದರೆ ಒಂದು ಎಚ್ಚರ. ಒಳಗೆ ವಿದ್ಯುತ್ ಕಾಂಟ್ಯಾಕ್ಟ್ ಇಲ್ಲದ ಬರೀ ಉಂಗುರ ಕೊಳ್ಳಬೇಡಿ. ನಿಮ್ಮ ಲೆನ್ಸ್‌ಗಳಲ್ಲಿ ಅಪರ್ಚರ್ ರಿಂಗ್ (ಬೆಳಕಿನ ಕಿಂಡಿಯನ್ನು ಕೈಯಿಂದ ತಿರುಗಿಸಿ ಬದಲಿಸುವ ಬಳೆ) ಇಲ್ಲ. ಎಎಫ್-ಪಿ ಲೆನ್ಸ್‌ಗಳಲ್ಲಿ ಕೈಯಿಂದ ಫೋಕಸ್ ರಿಂಗ್ ತಿರುಗಿಸಿದರೂ ಒಳಗಿನ ಮೋಟಾರ್‌ಗೆ ಕರೆಂಟ್ ಬೇಕು. ಕಾಂಟ್ಯಾಕ್ಟ್ ಇಲ್ಲದಿದ್ದರೆ ಅಪರ್ಚರ್, ಫೋಕಸ್ ಎರಡೂ ಕೈ ತಪ್ಪುತ್ತವೆ. ಇನ್ನು ಟ್ಯೂಬಿನಿಂದ ಬಿಂಬ ಎಷ್ಟು ಪಟ್ಟು ಹೆಚ್ಚುತ್ತದೆ ಅಂದರೆ ಟ್ಯೂಬಿನ ಉದ್ದ ಭಾಗಿಸು ಫೋಕಲ್ ಉದ್ದ. 50 ಎಂಎಂಗೆ 25ರ ಟ್ಯೂಬ್ ಹಾಕಿದರೆ ಅರ್ಧ ಪಟ್ಟು ಸೇರುತ್ತದೆ. 300ಕ್ಕೆ ಅದೇ ಟ್ಯೂಬ್ ಹಾಕಿದರೆ ಏನೂ ಅನ್ನಿಸುವುದಿಲ್ಲ. ಉದ್ದ ಲೆನ್ಸ್‌ಗೆ ಕ್ಲೋಸ್-ಅಪ್ ಲೆನ್ಸೇ ಸರಿ.

ಮೊದಲು ಇದರಿಂದ ಶುರು ಮಾಡಿ. ಜೇಡಗಳ ಹಿಂದೆ ಹೋಗುವ ತಾಳ್ಮೆ ರೂಢಿಸಿಕೊಳ್ಳಿ. ಆಮೇಲೆ 85 ಕೊಂಡರೂ ರೇನಾಕ್ಸ್ ವ್ಯರ್ಥವಾಗುವುದಿಲ್ಲ, ಅದರ ಮುಂದೆಯೂ ಸಿಕ್ಕಿಸಬಹುದು.

ಎಲೆಮರೆ:

ಇಷ್ಟು ವಿವರವಾಗಿ ಬರೆದದ್ದಕ್ಕೆ ಇಬ್ಬರಿಗೂ ತುಂಬಾ ಧನ್ಯವಾದ. ಆ ಕಳೆಯುವ ಲೆಕ್ಕ ಎಲ್ಲೂ ಸಿಕ್ಕಿರಲಿಲ್ಲ. ಫುಲ್ ಫ್ರೇಮ್ ಆಸೆ ನನಗಿಲ್ಲ, ಹಾಗಾಗಿ 85 ಕಡೆಗೇ ಮನಸ್ಸು ವಾಲಿದೆ.

ಜೇಡರಬಲೆಯವರೇ, ಫ್ಲ್ಯಾಶ್ ಬೇಕೇ ಬೇಕಾ? ಕ್ಯಾಮೆರಾದಲ್ಲೇ ಇರುವ ಫ್ಲ್ಯಾಶ್ ಸಾಲದೇ? 85ರಲ್ಲಿ ವಿಆರ್ ಇದೆ. ಬೆಳಗಿನ ಬೆಳಕಿನಲ್ಲಿ ಅದನ್ನು ನಂಬಿ ತೆಗೆಯಬಹುದು ಅಂದುಕೊಂಡಿದ್ದೆ. ಹಳೆಯ, ಬಳಸಿದ ಲೆನ್ಸ್ ಕೊಳ್ಳುವುದು ಸರಿಯೇ?

ಜೇಡರಬಲೆ:

ಬೇಕೇ ಬೇಕು. ಲೆನ್ಸಿಗಿಂತಲೂ ಫ್ಲ್ಯಾಶ್ ಮತ್ತು ಅದರ ಬೆಳಕನ್ನು ಹರಡಿ ಮೆದುವಾಗಿಸುವ ಡಿಫ್ಯೂಸರ್ ಬಗ್ಗೆ ನಾನು ಹೆಚ್ಚು ಒತ್ತಿ ಹೇಳುತ್ತೇನೆ. ದುಡ್ಡು ಒಟ್ಟು ಇಷ್ಟೇ ಅಂತಿದ್ದರೆ ಕಡಿಮೆ ಬೆಲೆಯ ಲೆನ್ಸ್ ಆರಿಸಿ, ಫ್ಲ್ಯಾಶ್ ಬಿಡಬೇಡಿ.

ವಿಆರ್ ಒಳ್ಳೆಯದೇ, ಆದರೆ 1:1 ಹತ್ತಿರ ಹೋದಂತೆ ಅದರ ಶಕ್ತಿ ಕುಗ್ಗುತ್ತದೆ. ಅದು ಕೈ ನಡುಕವನ್ನು ಸ್ವಲ್ಪ ತಡೆಯಬಹುದು. ಗಾಳಿಗೆ ಅಲುಗುವ ಎಲೆಯನ್ನು ತಡೆಯುವುದಿಲ್ಲ. ನೀವೇ ಮುಂದೆ ಹಿಂದೆ ತೂಗುವುದನ್ನೂ ತಡೆಯುವುದಿಲ್ಲ, ಅರ್ಧ ಮಿಲಿಮೀಟರ್ ಆಳದಲ್ಲಿ ಅದೇ ದೊಡ್ಡ ಸಮಸ್ಯೆ. ಕಡಿಮೆ ಪವರ್‌ನಲ್ಲಿ ಫ್ಲ್ಯಾಶ್ ಮಿಂಚುವ ಹೊತ್ತು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಪವರ್ ಇಳಿಸಿದಷ್ಟೂ ಇನ್ನೂ ಚುಟುಕು. ಅಲುಗಾಟಕ್ಕೆ ಸಮಯವೇ ಸಿಗುವುದಿಲ್ಲ.

ಕ್ಯಾಮೆರಾದಲ್ಲಿರುವ ಫ್ಲ್ಯಾಶ್ ತಗ್ಗಿನಲ್ಲಿದೆ. ಇಷ್ಟು ಹತ್ತಿರದಲ್ಲಿ ಲೆನ್ಸೇ ಅದಕ್ಕೆ ಅಡ್ಡ ಬರುತ್ತದೆ. ಮೇಲೆ ಕೂರುವ ಫ್ಲ್ಯಾಶ್ ತೆಗೆದುಕೊಳ್ಳಿ, ಮ್ಯಾನುಯಲ್ ಆಗಿ ಪವರ್ ಬದಲಿಸಲು ಬಂದರೆ ಸಾಕು. ಅದರ ಮುಂದೆ ದೊಡ್ಡ ಬಿಳಿ ಡಿಫ್ಯೂಸರ್, ಲೆನ್ಸಿನ ತುದಿವರೆಗೂ ಚಾಚಿ ಜೇಡದ ತಲೆಯ ಮೇಲೆ ಬಾಗಬೇಕು. ಜೇಡದ ಕಣ್ಣು ನುಣುಪಾದ ಕಪ್ಪು ಗುಮ್ಮಟ. ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಬರೀ ಫ್ಲ್ಯಾಶ್ ಹೊಡೆದರೆ ಕಣ್ಣಲ್ಲಿ ಚುಚ್ಚುವ ಬಿಳಿ ಚುಕ್ಕೆ, ಮೈಯೆಲ್ಲ ಜಿಡ್ಡು ಹಚ್ಚಿದಂಥ ಹೊಳಪು. ಅಗಲವಾದ ಡಿಫ್ಯೂಸರ್ ಇದ್ದರೆ ಅದೇ ಕಣ್ಣಲ್ಲಿ ಮೆದುವಾದ ಬೆಳಕಿನ ಪಟ್ಟಿ ಬರುತ್ತದೆ, ಕಣ್ಣಿನ ದುಂಡು ಕಾಣುತ್ತದೆ. ನೀವು ಕೇಳಿದ ಫೋಟೋ ಹುಟ್ಟುವುದು ಇಲ್ಲಿ. ಯಾವ ಲೆನ್ಸ್ ಅನ್ನುವುದಕ್ಕಿಂತ ಈ ಬೆಳಕು ದೊಡ್ಡ ವ್ಯತ್ಯಾಸ ಮಾಡುತ್ತದೆ.

ಸೆಟ್ಟಿಂಗ್ ಹೀಗಿಟ್ಟು ಶುರು ಮಾಡಿ: ಮ್ಯಾನುಯಲ್ ಮೋಡ್, 1/200 ಸೆಕೆಂಡ್, ಐಎಸ್ಒ 200, ಎಫ್/11 ಅಥವಾ 13. ಫ್ಲ್ಯಾಶ್ ಪವರ್ 1/8. ಫೋಟೋ ನೋಡಿ ಪವರ್ ಹೆಚ್ಚು ಕಡಿಮೆ ಮಾಡಿ. ಹಿನ್ನೆಲೆ ಕಪ್ಪಾದರೆ ಹಿಂದೆ ಹತ್ತಿರದಲ್ಲೇ ಒಂದು ಎಲೆ ಬರುವಂತೆ ನಿಲ್ಲಿ, ಇಲ್ಲವೇ ಐಎಸ್ಒ ಏರಿಸಿ ಫ್ಲ್ಯಾಶ್ ಇಳಿಸಿ.

ಆಟೋಫೋಕಸ್ ಆಫ್ ಮಾಡಿ. ಜೇಡ ಎಷ್ಟು ದೊಡ್ಡದಾಗಿ ಬೇಕೋ ಅಲ್ಲಿಗೆ ಫೋಕಸ್ ರಿಂಗ್ ನಿಲ್ಲಿಸಿ. ಆಮೇಲೆ ರಿಂಗ್ ಮುಟ್ಟಬೇಡಿ, ನೀವೇ ನಿಧಾನಕ್ಕೆ ಮುಂದೆ ಹೋಗಿ. ಎಡಗೈಯಲ್ಲಿ ಗಿಡದ ಕಡ್ಡಿ ಹಿಡಿದು, ಅದೇ ಕೈಯ ಮೇಲೆ ಲೆನ್ಸ್ ಊರಿ. ಆಗ ಗಿಡ, ಲೆನ್ಸ್ ಎರಡೂ ಒಟ್ಟಿಗೆ ಅಲುಗುತ್ತವೆ, ನಡುವಿನ ದೂರ ಬದಲಾಗುವುದಿಲ್ಲ. ಕಣ್ಣು ಚೂಪಾದ ಕ್ಷಣ ಕ್ಲಿಕ್ ಮಾಡಿ. ಇರುವೆಗಳಿಗೆ ಬೇರೆ ಉಪಾಯ ಬೇಕು, ಅವು ನಿಲ್ಲುವುದೇ ಇಲ್ಲ. ಚಿಗುರಿನ ಮೇಲೆ ಸಸ್ಯಹೇನು ಇರುವ ಗಿಡ ಹುಡುಕಿ. ಅವು ಕೊಡುವ ಸಿಹಿ ರಸಕ್ಕೆ ಇರುವೆಗಳು ಅಲ್ಲೇ ಸುತ್ತುತ್ತಿರುತ್ತವೆ, ರಸ ಹೀರುವಾಗ ಸ್ವಲ್ಪ ಹೊತ್ತು ನಿಲ್ಲುತ್ತವೆ. ಗುಲಗಂಜಿ ಹುಳುವೂ ಅಲ್ಲಿಗೇ ಬರುತ್ತದೆ.

ಬಳಸಿದ ಲೆನ್ಸ್ ಧಾರಾಳವಾಗಿ ಕೊಳ್ಳಿ. ಟಾರ್ಚ್ ಬೆಳಕು ಹಾಯಿಸಿ ಹಿಂದಿನಿಂದ, ಮುಂದಿನಿಂದ ಗಾಜಿನೊಳಗೆ ನೋಡಿ. ಜೇಡರಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಬಿಟ್ಟುಬಿಡಿ. ನಾಲ್ಕಾರು ಧೂಳಿನ ಕಣ ಇದ್ದರೆ ಪರವಾಗಿಲ್ಲ. ಪೂರ್ತಿ ಹತ್ತಿರದಿಂದ ಅನಂತದವರೆಗೆ ಆಟೋಫೋಕಸ್ ಓಡಿಸಿ, ಕಿರುಗುಟ್ಟುವ ಸದ್ದು ಬರಬಾರದು. ಎಫ್/16ರಲ್ಲಿ ಸಾಲಾಗಿ ಕೆಲವು ಫೋಟೋ ಹೊಡೆಯಿರಿ. ಎಲ್ಲದರ ಬೆಳಕೂ ಒಂದೇ ಸಮ ಇರಬೇಕು. ಒಂದು ತೆಳು, ಒಂದು ಕಪ್ಪು ಬಂದರೆ ಅಪರ್ಚರ್ ಎಲೆಗಳು ಅಂಟುತ್ತಿವೆ ಅಂತ ಅರ್ಥ.

ಇನ್ನೊಂದು. ಹಳೆಯ ಎಎಫ್ ಮೈಕ್ರೋ (ಮ್ಯಾಕ್ರೋಗೆ ನಿಕಾನ್ ಇಟ್ಟ ಹೆಸರು) 60 ಮತ್ತು 105, ಹೆಸರಿನ ಕೊನೆಗೆ ಡಿ ಇರುವವು, ಕಡಿಮೆ ಬೆಲೆಗೆ ಕಾಣಿಸುತ್ತವೆ. ಡಿ5600 ಒಳಗೆ ಫೋಕಸ್ ಮೋಟಾರ್ ಇಲ್ಲ, ಅವು ಆಟೋಫೋಕಸ್ ಆಗುವುದಿಲ್ಲ. ನೀವು ಹೇಗೂ ಕೈಯಿಂದಲೇ ಫೋಕಸ್ ಮಾಡುವವರು, ಆದ್ದರಿಂದ ಒಳ್ಳೆಯ ಸ್ಥಿತಿಯ 105 ಡಿ ಸಿಕ್ಕರೆ ಅದನ್ನೂ ಯೋಚಿಸಬಹುದು.

ಹೂಬಿಸಿಲು:

ಡಿಫ್ಯೂಸರ್ ಬಗ್ಗೆ ಹೇಳಿದ್ದು ಹೂವಿಗೂ ಅನ್ವಯಿಸುತ್ತದೆ. ನುಣುಪು ಎಲೆಗಳ ಮೇಲಿನ ಬಿಳಿ ಹೊಳಪು ಹಾಗೇ ಹೋಗುತ್ತದೆ.

ಎಲೆಮರೆ:

ಸರಿ, ತೀರ್ಮಾನ ಮಾಡಿದೆ. ಮೊದಲು ಫ್ಲ್ಯಾಶ್ ಮತ್ತು ರೇನಾಕ್ಸ್, 70-300 ಜೊತೆ. 85ಕ್ಕೆ ಬಳಸಿದ್ದನ್ನೇ ಹುಡುಕುತ್ತೇನೆ, ಟಾರ್ಚ್ ತೆಗೆದುಕೊಂಡೇ ಹೋಗುತ್ತೇನೆ. 70-300 ಉದ್ದ ಇರುವುದರಿಂದ ಡಿಫ್ಯೂಸರ್ ಲೆನ್ಸ್ ತುದಿಗೆ ತಲುಪುವುದು ಹೇಗೆ ಅಂತ ಒಂದು ಅನುಮಾನ ಇದೆ.

ಕಡ್ಡಿಕಾಲು:

ಝೂಮ್ 300ಕ್ಕೆ ಎಳೆಯಬೇಡಿ, ಲೆನ್ಸ್ ಉದ್ದವಾಗುತ್ತದೆ. 125ರಿಂದ 200ರ ನಡುವೆಯೇ ಇರಿ. ಡಿಫ್ಯೂಸರ್ ಹಾಳೆಯನ್ನು ರೇನಾಕ್ಸ್ ಹಿಂದೆ ಲೆನ್ಸಿಗೇ ರಬ್ಬರ್ ಬ್ಯಾಂಡ್‌ನಲ್ಲಿ ಕಟ್ಟಿ. ಫ್ಲ್ಯಾಶ್ ತಲೆಯನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಿದರೆ ಬೆಳಕು ತಲುಪುತ್ತದೆ. ಪವರ್ 1/4ಕ್ಕೆ ಏರಿಸಬೇಕಾಗಬಹುದು.